ಸೆಲ್ ಬೇಡದ ವಾಚು: ನಲವತ್ತು ಸಾವಿರದೊಳಗೆ ಯಾವುದು?

ಮೆಕ್ಯಾನಿಕಲ್ ವಾಚು ಕೊಳ್ಳಬೇಕು ಅಂತ ಹೊರಟವರು ಮೊದಲು ಕೇಳುವುದು ‘ಯಾವ ಕಂಪನಿ ಒಳ್ಳೆಯದು?’ ಅಂತ. ಅದಕ್ಕೂ ಮುಂಚೆ ಕೇಳಿಕೊಳ್ಳಬೇಕಾದ್ದು ಇನ್ನೊಂದಿದೆ. ಐದು ವರ್ಷದ ಮೇಲೆ ವಾಚು ಹಿಂದೆ ಬೀಳಲು ಶುರುವಾದರೆ ಅದನ್ನು ಯಾರ ಕೈಗೆ ಕೊಡುತ್ತೀರಿ?

ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಿ ವಾಚು ಮಾರುವವರಿಗೆ ಬರವಿಲ್ಲ. ಸೆಲ್ ಹಾಕಿಕೊಡುವವರು, ಚೈನ್ ಚಿಕ್ಕದು ಮಾಡಿಕೊಡುವವರು ಮಂಡ್ಯದಲ್ಲೂ ಬೇಕಾದಷ್ಟಿದ್ದಾರೆ. ಆದರೆ ಮಷೀನು ಪೂರ್ತಿ ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು, ತಿರುಗಿ ಜೋಡಿಸುವ ಕೈಗಳು ಕಡಿಮೆಯಾಗುತ್ತಿವೆ. ಶೋರೂಮಿಗೆ ಕೊಟ್ಟರೆ ಬಹಳ ಸಲ ವಾಚು ಬೇರೆ ಊರಿಗೆ ಹೋಗಿ ಬರಬೇಕು. ಅದಕ್ಕೇ ನಾನು ವಾಚುಗಳನ್ನು ಹೋಲಿಸುವಾಗ ಮೊದಲು ಮಷೀನು ನೋಡುತ್ತೇನೆ. ಅದು ನಮ್ಮೂರಿನ ರಿಪೇರಿಯವರಿಗೆ ಪರಿಚಯವೇ? ಬಿಡಿಭಾಗ ಸಿಗುತ್ತದೆಯೇ? ಕೆಟ್ಟರೆ ಮಷೀನನ್ನೇ ಬದಲಾಯಿಸಬಹುದೇ? ಡಯಲ್ಲಿನ ಅಂದ, ಕಂಪನಿಯ ಹೆಸರು ಆಮೇಲೆ. ಕೆಳಗೆ ಹೇಳಿರುವ ಬೆಲೆಗಳೆಲ್ಲ ಅಂದಾಜು. ಕೊಳ್ಳುವ ದಿನ ಒಮ್ಮೆ ವಿಚಾರಿಸಿಕೊಳ್ಳಿ.

ಬೇಡದವರು ಯಾರು?

ಸೆಲ್ ವಾಚು ತಿಂಗಳಿಗೆ ಹತ್ತು-ಹದಿನೈದು ಸೆಕೆಂಡು ಆಚೀಚೆ ಆಗುತ್ತದೆ. ಈ ಬೆಲೆಯ ಮೆಕ್ಯಾನಿಕಲ್ ವಾಚು ದಿನಕ್ಕೇ ಅಷ್ಟು ತಪ್ಪಬಹುದು. ದಿನಕ್ಕೆ 86,400 ಸೆಕೆಂಡು. ಅದರಲ್ಲಿ 15 ತಪ್ಪಿದರೆ ಶೇಕಡಾ 0.02 ಕೂಡ ಅಲ್ಲ. ಬರೀ ಸ್ಪ್ರಿಂಗು, ಹಲ್ಲುಚಕ್ರಗಳಿಂದ ನಡೆಯುವ ವಸ್ತುವಿಗೆ ಅದು ದೊಡ್ಡ ಸಾಧನೆಯೇ. ಆದರೂ ವಾರಕ್ಕೆ ಒಂದೂಮುಕ್ಕಾಲು ನಿಮಿಷ ಆಯಿತು. ವಾರಕ್ಕೊಮ್ಮೆ ಫೋನ್ ನೋಡಿ ಮುಳ್ಳು ಸರಿಮಾಡಿಕೊಳ್ಳುವ ತಾಳ್ಮೆ ಇಲ್ಲದಿದ್ದರೆ ಸುಮ್ನೆ ಒಂದು ಒಳ್ಳೆಯ ಸೆಲ್ ವಾಚು ತಗೊಳ್ಳಿ. ಅದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ.

ದಿನಪೂರ್ತಿ ಟಿಲ್ಲರ್ ಹಿಡಿಯುವವರಿಗೂ ಡ್ರಿಲ್ಲಿಂಗ್ ಮಷೀನು, ಸುತ್ತಿಗೆ ಹಿಡಿದು ಕೆಲಸ ಮಾಡುವವರಿಗೂ ಇದು ಬೇಡ. ಒಳಗೆ ಬ್ಯಾಲೆನ್ಸ್ ಅನ್ನುವ ಚಕ್ರ ಇದೆ. ಕೂದಲಿನಂಥ ಸ್ಪ್ರಿಂಗಿನ ಹಿಡಿತದಲ್ಲಿ ಅದು ಈಗಿನ ಬಹಳಷ್ಟು ವಾಚುಗಳಲ್ಲಿ ಗಂಟೆಗೆ 21,600 ಸಲ, ಅಂದರೆ ಸೆಕೆಂಡಿಗೆ ಆರು ಸಲ ಅತ್ತಿತ್ತ ಆಡುತ್ತಿರುತ್ತದೆ. ಯಾವಾಗಲೋ ಒಂದು ಪೆಟ್ಟು ಬಿದ್ದರೆ ತಡೆದುಕೊಳ್ಳುವ ವ್ಯವಸ್ಥೆ ಈಗಿನ ಎಲ್ಲ ಒಳ್ಳೆಯ ವಾಚುಗಳಲ್ಲೂ ಇದೆ. ಗಂಟೆಗಟ್ಟಲೆ ಅದುರಿಸಿದರೆ ಮಾತ್ರ ಕಷ್ಟ. ಗದ್ದೆ ಕೆಲಸಕ್ಕೆ ಐನೂರು ರೂಪಾಯಿಯ ವಾಚು, ಊರಿಗೆ ಹೋಗುವಾಗ ಒಳ್ಳೆಯದು ಅಂತ ಎರಡು ಇಟ್ಟುಕೊಂಡವರೇ ಜಾಣರು.

ಕೀ ಕೊಡುವುದೋ, ಆಟೋಮ್ಯಾಟಿಕ್ಕೋ?

ಕೀ ಕೊಡುವ ವಾಚಿಗೆ ದಿನಕ್ಕೊಮ್ಮೆ, ಸುಮಾರಾಗಿ ಒಂದೇ ಹೊತ್ತಿಗೆ ಕೀ ತಿರುಗಿಸಬೇಕು. ಇಪ್ಪತ್ತು-ಮೂವತ್ತು ಸುತ್ತಾದ ಮೇಲೆ ಬಿಗಿಯಾಗುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ಬಲವಂತ ಮಾಡಬಾರದು. ಆಟೋಮ್ಯಾಟಿಕ್ಕಿನಲ್ಲಿ ರೋಟರ್ ಅನ್ನುವ ಅರ್ಧಚಂದ್ರದ ತೂಕ ಇರುತ್ತದೆ. ಕೈ ಆಡಿದಂತೆಲ್ಲ ಅದು ತಿರುಗಿ ಸ್ಪ್ರಿಂಗ್ ಸುತ್ತುತ್ತದೆ. ಪೂರ್ತಿ ಸುತ್ತಿದ ಮೇಲೆ ಬಿಚ್ಚಿಟ್ಟರೆ 40 ಗಂಟೆಯಷ್ಟು ನಡೆಯುತ್ತದೆ. ಶನಿವಾರ ಸಂಜೆ ಬಿಚ್ಚಿಟ್ಟಿದ್ದು ಸೋಮವಾರ ಬೆಳಗ್ಗೆ ಇನ್ನೂ ನಡೆಯುತ್ತಿರುತ್ತದೆ. ಶುಕ್ರವಾರ ಬಿಚ್ಚಿಟ್ಟರೆ ನಿಂತಿರುತ್ತದೆ.

ಹಾಗಾದರೆ ಆಟೋಮ್ಯಾಟಿಕ್ಕೇ ಸುಲಭ ಅಲ್ವಾ? ಎಲ್ಲರಿಗೂ ಅಲ್ಲ. ರಿಟೈರ್ ಆದ ಅಪ್ಪನಿಗೆ ಅಂತ ಕೊಳ್ಳುವವರು ಇದನ್ನು ಯೋಚಿಸಬೇಕು. ಬೆಳಗ್ಗೆ ಪೇಪರ್ ಓದಿ, ಮಧ್ಯಾಹ್ನ ಮಲಗಿ, ಸಂಜೆ ಕಟ್ಟೆ ಮೇಲೆ ಕೂರುವವರ ಕೈ ಅಷ್ಟಾಗಿ ಆಡುವುದಿಲ್ಲ. ವಾಚು ರಾತ್ರಿ ನಿಂತುಬಿಡುತ್ತದೆ. ‘ಹೊಸ ವಾಚು ಕೆಟ್ಟುಹೋಯ್ತು’ ಅಂತ ಫೋನು ಬರುತ್ತದೆ. ಇಂಥವರಿಗೆ ಕೀ ಕೊಡುವ ವಾಚೇ ವಾಸಿ, ಅಥವಾ ಕೈಯಿಂದಲೂ ಕೀ ಕೊಡಬಹುದಾದ ಆಟೋಮ್ಯಾಟಿಕ್. ಬೆರಳು ಗಂಟು ನೋವಿದ್ದರೆ ಅದೂ ಕಷ್ಟ. ಆಗ ಸೆಲ್ ವಾಚಿಗೆ ಶರಣು.

ಡಯಲ್ ಮೇಲೆ ಬರೆಯುವ ‘ಜ್ಯುವೆಲ್ಸ್’ ಬಗ್ಗೆ ಒಂದು ಮಾತು. ಇವು ಕಾರ್ಖಾನೆಯಲ್ಲಿ ತಯಾರಿಸಿದ ಮಾಣಿಕ್ಯದ ಕಲ್ಲುಗಳು. ತಿರುಗುವ ಅಚ್ಚಿನ ತುದಿ ಸವೆಯದಂತೆ ಕೂರಿಸುತ್ತಾರೆ. ಕೀ ಕೊಡುವ ವಾಚಿಗೆ 17 ಸಾಕು. ಆಟೋಮ್ಯಾಟಿಕ್ಕಿಗೆ 21ರಿಂದ 24 ಇರುತ್ತದೆ. ಸಂಖ್ಯೆ ಜಾಸ್ತಿ ಇದ್ದ ಮಾತ್ರಕ್ಕೆ ವಾಚು ಮೇಲಲ್ಲ.

ಮನೆಯ ಬೀರುವಿನಲ್ಲಿ ಒಂದು ಎಚ್‌ಎಂಟಿ ಇದೆಯೇ?

ಇದ್ದರೆ ಹೊಸದನ್ನು ಕೊಳ್ಳುವ ಯೋಚನೆ ಸ್ವಲ್ಪ ಮುಂದಕ್ಕೆ ಹಾಕಿ. ಜಪಾನಿನ ಸಿಟಿಜನ್ ಜೊತೆ ಸೇರಿ ಎಚ್‌ಎಂಟಿ ಬೆಂಗಳೂರಿನಲ್ಲಿ ವಾಚು ಮಾಡಲು ಶುರುಮಾಡಿದ್ದು 1961ರಲ್ಲಿ. ಮೊದಲ ವಾಚುಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ನೆಹರು. ಆಮೇಲೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಜನತಾ, ಪೈಲಟ್, ಸೋನಾ, ಕೋಹಿನೂರ್, ಆಟೋಮ್ಯಾಟಿಕ್ ಬೇಕೆಂದವರಿಗೆ ಕಾಂಚನ್. ನಮ್ಮ ಕಡೆ ಕೆಲಸ ಸಿಕ್ಕಿದ ಹುಡುಗರ ಕೈಗೂ ಮದುವೆ ಗಂಡಿನ ಕೈಗೂ ಇದೇ ವಾಚು. ವಾಚು ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿದ್ದು 2016ರಲ್ಲಿ.

ಜನತಾ, ಪೈಲಟ್ ಒಳಗಿರುವ ಕೀ ಕೊಡುವ ಮಷೀನು 17 ಜ್ಯುವೆಲ್ಲಿನದು. ಸೆಕೆಂಡಿಗೆ ಐದು ಸಲ ಬಡಿಯುತ್ತದೆ. ಇದಕ್ಕಿಂತ ಸರಳವಾದದ್ದು ಸಿಗುವುದು ಕಷ್ಟ. ಹಳೆಯ ರಿಪೇರಿಯವರು ಕೆಲಸ ಕಲಿತದ್ದೇ ಇದರ ಮೇಲೆ. ಡಬ್ಬಿ ತೆಗೆದರೆ ನಾಲ್ಕು ಹಾಳಾದ ಎಚ್‌ಎಂಟಿ ಇರುತ್ತವೆ, ಅದರಿಂದಲೇ ಬಿಡಿಭಾಗ. ತೊಳೆದು ಎಣ್ಣೆ ಹಾಕಿಸಲು ನೂರುಗಳ ಲೆಕ್ಕದಲ್ಲಿ, ಹೆಚ್ಚೆಂದರೆ ಸಾವಿರದ ಆಚೀಚೆ ಮುಗಿಯುತ್ತದೆ. ಪ್ಲಾಸ್ಟಿಕ್ಕಿನಂಥ ಅಕ್ರಿಲಿಕ್ ಗ್ಲಾಸಿನ ಗೀರುಗಳು ಟೂತ್‌ಪೇಸ್ಟ್ ಹಾಕಿ ಮೆತ್ತಗೆ ಉಜ್ಜಿದರೆ ಹೋಗುತ್ತವೆ. ಹೊಸ ಬೆಲ್ಟ್ ಹಾಕಿಸಿದರೆ ಆಯಿತು, ಎಲ್ಲಿಗೆ ಬೇಕಾದರೂ ಕಟ್ಟಿಕೊಂಡು ಹೋಗಬಹುದು. ಈಗಿನ ವಾಚುಗಳ ಮುಂದೆ ಅಳತೆ ಚಿಕ್ಕದು. ಅದೇ ಅದರ ಚೆಂದ. ಹೆಣ್ಣುಮಕ್ಕಳ ಕೈಗೂ ಒಪ್ಪುತ್ತದೆ. ನೀರು ಮಾತ್ರ ಹತ್ತಿರ ಬಿಡಬೇಡಿ.

ಹೊರಗಿನಿಂದ ಹಳೆಯದನ್ನು ಕೊಳ್ಳುವಾಗ ಹುಷಾರು. ಆನ್‌ಲೈನಿನಲ್ಲಿ ಎರಡು ಸಾವಿರಕ್ಕೆ ಫಳಫಳ ಹೊಳೆಯುವ ಕೆಂಪು, ಹಸಿರು, ನೀಲಿ ಡಯಲ್ಲಿನ ‘ಹಳೆಯ’ ಎಚ್‌ಎಂಟಿ, ಸೀಕೋ ಬರುತ್ತವೆ. ಬಹುಪಾಲು ಹಳೆಯ ಡಯಲ್ ಕೆರೆದು ಹೊಸ ಬಣ್ಣ ಬಳಿದು, ಅಲ್ಲಿಂದ ಇಲ್ಲಿಂದ ಬಿಡಿಭಾಗ ತಂದು ಸೇರಿಸಿದವು. ಗುರುತು ಹಿಡಿಯುವುದು ಸುಲಭ. ಅಕ್ಷರದ ಅಂಚು ದಪ್ಪಗೆ, ಹರಡಿದಂತೆ ಇರುತ್ತದೆ. ಡಯಲ್ಲಿನ ಕೆಳಗಿನ ಸಣ್ಣ ಬರಹ ಸೊಟ್ಟಗಿರುತ್ತದೆ, ಇಲ್ಲವೇ ಇರುವುದೇ ಇಲ್ಲ. ಸೆಕೆಂಡಿನ ಮುಳ್ಳು ಅಂಚಿನ ಗೆರೆಯವರೆಗೆ ತಲುಪುವುದಿಲ್ಲ. ನಲವತ್ತು ವರ್ಷದ ವಾಚಿನ ಡಯಲ್ ಸ್ವಲ್ಪ ಮಾಸಿರಬೇಕು. ಮಾಸಿದ್ದೇ ನಂಬಿಕೆ. ಜಾಲಹಳ್ಳಿಯ ಎಚ್‌ಎಂಟಿ ಹೆರಿಟೇಜ್ ಸೆಂಟರ್ ಕಡೆ ಹೋದಾಗ ಒಮ್ಮೆ ಅಸಲಿ ವಾಚುಗಳನ್ನು ಕಣ್ಣಾರೆ ನೋಡಿ ಬನ್ನಿ, ನಕಲಿ ಬೇಗ ಗೊತ್ತಾಗುತ್ತದೆ.

ಹೊಸದೇ ಬೇಕು ಅಂದರೆ: ಜಪಾನಿನ ಮೂವರು

ಹತ್ತರಿಂದ ಮೂವತ್ತೈದು ಸಾವಿರದ ನಡುವೆ ನಿಜವಾದ ಪೈಪೋಟಿ ಇರುವುದು ಸೀಕೋ, ಸಿಟಿಜನ್, ಓರಿಯಂಟ್ ನಡುವೆ. ಮೂವರೂ ಮಷೀನು ತಾವೇ ಮಾಡುತ್ತಾರೆ.

ಸೀಕೋ 5 ಹುಟ್ಟಿದ್ದು 1963ರಲ್ಲಿ. 2019ರಲ್ಲಿ ಹೊಸ ರೂಪದಲ್ಲಿ ಬಂತು. ಈಗಿನದರೊಳಗೆ 4ಆರ್36 ಮಷೀನು ಇದೆ. 24 ಜ್ಯುವೆಲ್, ಸುಮಾರು 41 ಗಂಟೆ ನಡೆಯುತ್ತದೆ, ಕೈಯಿಂದಲೂ ಕೀ ಕೊಡಬಹುದು. ಕೀ ಎಳೆದರೆ ಸೆಕೆಂಡಿನ ಮುಳ್ಳು ನಿಲ್ಲುತ್ತದೆ, ಸಮಯ ಸರಿಯಾಗಿ ಹೊಂದಿಸಬಹುದು. ಹಳೆಯ 7ಎಸ್26 ಮಷೀನಿನಲ್ಲಿ ಇವೆರಡೂ ಇರಲಿಲ್ಲ. ಹಳೆಯ ಸ್ಟಾಕ್ ಕಡಿಮೆ ಬೆಲೆಗೆ ಸಿಕ್ಕರೆ ಇದು ನೆನಪಿರಲಿ. ಕಂಪನಿ ಕೊಡುವ ಮಿತಿ ದಿನಕ್ಕೆ 45 ಸೆಕೆಂಡು ಮುಂದೆ, 35 ಸೆಕೆಂಡು ಹಿಂದೆ. ಓದಿದರೆ ಗಾಬರಿಯಾಗುತ್ತದೆ. ಸಾಮಾನ್ಯವಾಗಿ ಅದಕ್ಕಿಂತ ಚೆನ್ನಾಗಿಯೇ ನಡೆಯುತ್ತದೆ.

ಸೀಕೋ ಕಡೆ ನನ್ನ ಮನಸ್ಸು ವಾಲುವುದಕ್ಕೆ ಕಾರಣ ಬೇರೆ. ಇದೇ ಮಷೀನನ್ನು ಎನ್‌ಎಚ್35, ಎನ್‌ಎಚ್36 ಅನ್ನುವ ಹೆಸರಲ್ಲಿ ಲೋಕದ ನೂರಾರು ಸಣ್ಣ ಕಂಪನಿಗಳಿಗೂ ಮಾರುತ್ತಾರೆ. ಪೂರ್ತಿ ಮಷೀನು ಕೆಲವೇ ಸಾವಿರಕ್ಕೆ ಸಿಗುತ್ತದೆ. ವಾರಂಟಿ ಮುಗಿದ ಮೇಲೆ ಏನಾದರೂ ದೊಡ್ಡದು ಕೆಟ್ಟರೆ, ನಮ್ಮೂರಿನ ಒಬ್ಬ ಒಳ್ಳೆಯ ರಿಪೇರಿಯವರು ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿಬಿಡಬಹುದು. ಬೆಂಗಳೂರಿಗೆ ಕಳಿಸಿ ಕಾಯುವುದಿಲ್ಲ. ಪಂಪ್‌ಸೆಟ್ಟಿನ ಮೋಟಾರು ಬದಲಾಯಿಸಿದ ಹಾಗೆ. ನೀರು 100 ಮೀಟರಿನ ಮಟ್ಟಕ್ಕೆ ತಡೆಯುತ್ತದೆ. ಬೆಲೆ 25ರಿಂದ 35 ಸಾವಿರ. ಬೇಜಾರು ಎರಡು. ಬಹುಪಾಲು ಮಾಡೆಲ್‌ಗಳು 42.5 ಮಿಲಿಮೀಟರ್, ಸಣ್ಣ ಮಣಿಕಟ್ಟಿಗೆ ತಟ್ಟೆ ಕಟ್ಟಿಕೊಂಡಂತೆ ಕಾಣುತ್ತದೆ. 38ರ ಸುತ್ತಮುತ್ತ ಇರುವವೂ ಈಗ ಬಂದಿವೆ, ಕೇಳಿ ತರಿಸಿಕೊಳ್ಳಿ. ಇನ್ನೊಂದು, ಈ ಬೆಲೆಗೆ ಸುಲಭಕ್ಕೆ ಗೀರು ಬೀಳದ ಸಫೈರ್ ಗ್ಲಾಸ್ ಕೊಡಬೇಕಿತ್ತು. ಕೊಡುವುದು ಹಾರ್ಡ್‌ಲೆಕ್ಸ್ ಅನ್ನುವ ಅವರದೇ ಗಾಜು.

ಸಿಟಿಜನ್‌ನ ಸುಯೋಸಾ ಈಗ ಎಲ್ಲರ ಕಣ್ಣಿಗೆ ಬಿದ್ದಿದೆ. 40 ಮಿಲಿಮೀಟರ್, ಸಫೈರ್ ಗ್ಲಾಸ್, ಹಳದಿ, ಹಸಿರು, ನೀಲಿ ಡಯಲ್, 8210 ಮಷೀನು. ಇಪ್ಪತ್ತೈದು-ಮೂವತ್ತು ಸಾವಿರ. ನೋಡಲು ಎರಡು ಪಟ್ಟು ಬೆಲೆಯ ವಾಚಿನಂತಿದೆ. ಈ 8200 ಸಾಲಿನ ಮಷೀನುಗಳು ಬಹಳ ವರ್ಷದಿಂದ ಇವೆ, ಗಟ್ಟಿ. ರೋಟರ್ ಒಂದೇ ದಿಕ್ಕಿನಲ್ಲಿ ಸ್ಪ್ರಿಂಗ್ ಸುತ್ತುತ್ತದೆ. ಇನ್ನೊಂದು ದಿಕ್ಕಿಗೆ ಸುಮ್ನೆ ಗಿರ್ರನೆ ತಿರುಗುತ್ತದೆ, ಆ ಸದ್ದು ಕೈಗೂ ಗೊತ್ತಾಗುತ್ತದೆ. ಕೆಟ್ಟಿದೆ ಅಂದುಕೊಳ್ಳಬೇಡಿ. ನನಗೆ ಕಾಣುವ ದೊಡ್ಡ ಕೊರತೆ ಚೈನಿನದು. ಚೈನು ವಾಚಿನ ಒಡಲಿಗೇ ಬೆಸೆದಂತೆ ವಿನ್ಯಾಸ ಮಾಡಿದ್ದಾರೆ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಬೆಲ್ಟ್ ಇದಕ್ಕೆ ಸರಿಯಾಗಿ ಕೂರುವುದಿಲ್ಲ. ನೀರಿಗೆ 50 ಮೀಟರ್ ಮಟ್ಟ. ಬಜೆಟ್ ಇಷ್ಟಿಲ್ಲದಿದ್ದರೆ ಇದೇ ಜಾತಿಯ ಮಷೀನಿನ ಸಾದಾ ಸಿಟಿಜನ್ ಆಟೋಮ್ಯಾಟಿಕ್‌ಗಳು ಇದಕ್ಕಿಂತ ಸಾಕಷ್ಟು ಕಡಿಮೆಗೆ ಸಿಗುತ್ತವೆ. ಹೆಸರು ದೊಡ್ಡದಲ್ಲ, ಕೆಲಸ ಅದೇ.

ಓರಿಯಂಟ್ ಈಗ ಸೀಕೋ ಎಪ್ಸನ್ ಕೈಯಲ್ಲಿದೆ. ಇದರ ಬ್ಯಾಂಬಿನೋ ಪಂಚೆಗೂ ಒಪ್ಪುತ್ತದೆ, ಕೋಟಿಗೂ ಒಪ್ಪುತ್ತದೆ. ಗುಮ್ಮಟದಂತೆ ಉಬ್ಬಿದ ಗ್ಲಾಸು, ತೆಳುವಾದ ಅಂಕಿಗಳು. 22 ಜ್ಯುವೆಲ್, 40 ಗಂಟೆ, ಕೈಯಿಂದ ಕೀ ಕೊಡಬಹುದು. ಕಂಪನಿ ಹೇಳುವ ಮಿತಿ ದಿನಕ್ಕೆ 25 ಸೆಕೆಂಡು ಮುಂದೆ, 15 ಹಿಂದೆ. ಮೂವರಲ್ಲಿ ಇದೇ ಬಿಗಿ. ಬೆಲೆ 15ರಿಂದ 25 ಸಾವಿರ. ಆದರೆ ನೀರಿಗೆ 30 ಮೀಟರ್ ಮಾತ್ರ, ಗ್ಲಾಸು ಗೀರು ಬೀಳುತ್ತದೆ. ದೊಡ್ಡ ಅಳತೆಯ ಬ್ಯಾಂಬಿನೋಗೆ 21 ಮಿಲಿಮೀಟರಿನ ಬೆಲ್ಟ್ ಬೇಕು. 20 ಕೇಳಿದರೆ ಎಲ್ಲೆಲ್ಲೂ ಸಿಗುತ್ತದೆ, 22 ಸಿಗುತ್ತದೆ, 21 ಮಾತ್ರ ಹುಡುಕಿಸುತ್ತದೆ. 38 ಮಿಲಿಮೀಟರಿನ ಬ್ಯಾಂಬಿನೋ ತಗೊಂಡರೆ ಈ ತಾಪತ್ರಯ ಇಲ್ಲ. ಇನ್ನೂ ಗಟ್ಟಿಮುಟ್ಟಾದದ್ದು ಬೇಕಾದರೆ ಕಮಾಸು ನೋಡಿ. ಸಫೈರ್ ಗ್ಲಾಸ್, 200 ಮೀಟರ್ ನೀರು ತಡೆ. ಕೊಟ್ಟ ಕಾಸಿಗೆ ಸಿಗುವ ಸರಕಿನ ಲೆಕ್ಕದಲ್ಲಿ ಇದನ್ನು ಮೀರಿಸುವುದು ಕಷ್ಟ. ಓರಿಯಂಟ್‌ನ ತೊಂದರೆ ನಮ್ಮೂರಿನಲ್ಲಿ ಇಟ್ಟು ಮಾರುವ ಅಂಗಡಿ ಕಡಿಮೆ ಇರುವುದು. ಆನ್‌ಲೈನಿನಲ್ಲಿ ಕೈಗೆ ಹಾಕಿ ನೋಡದೆ ತಗೊಳ್ಳಬೇಕಾಗಬಹುದು.

ಟೈಟಾನ್ ಮತ್ತು ಉಳಿದವರು

ಟೈಟಾನ್ ಅಂದರೆ ಸೆಲ್ ವಾಚು ಅಂತಲೇ ನಮಗೆ ರೂಢಿ. ಆದರೆ ಹೊಸೂರಿನ ಈ ಕಂಪನಿ ಆಟೋಮ್ಯಾಟಿಕ್ ವಾಚುಗಳನ್ನೂ ಮಾರುತ್ತದೆ. ಹತ್ತು ಸಾವಿರದ ಮೇಲಿನಿಂದ ಶುರು. ಇದರ ಬಲ ಮಷೀನಿಗಿಂತ ಸರ್ವಿಸ್. ಊರೂರಿಗೂ ಅಂಗಡಿ ಇದೆ, ಬಿಲ್ ತೋರಿಸಿದರೆ ಮಾತಾಡುತ್ತಾರೆ. ಹೊರಗೆ ರಿಪೇರಿಯವರನ್ನು ಹುಡುಕುವ ಗೋಜೇ ಬೇಡ ಅನ್ನುವವರಿಗೆ ಒಳ್ಳೆಯ ಆಯ್ಕೆ. ಡಯಲ್ ಕೊರೆದು ಒಳಗಿನ ಚಕ್ರ ತೋರಿಸುವ ಮಾಡೆಲ್‌ಗಳನ್ನು ಮಾತ್ರ ನಾನು ಬೇಡ ಅನ್ನುತ್ತೇನೆ. ಅಂಗಡಿಯಲ್ಲಿ ಚೆಂದ. ಮನೆಗೆ ಬಂದ ಮೇಲೆ ಮುಳ್ಳು ಎಲ್ಲಿದೆ ಅಂತ ಹುಡುಕಬೇಕು.

ಸ್ವಿಸ್ ವಾಚುಗಳಾದ ಟಿಸೋ ಪಿಆರ್‌ಎಕ್ಸ್ ಪವರ್‌ಮ್ಯಾಟಿಕ್, ಹ್ಯಾಮಿಲ್ಟನ್ ಖಾಕಿ ಫೀಲ್ಡ್ ನಮ್ಮ ಬಜೆಟ್ ದಾಟುತ್ತವೆ. ಐವತ್ತು-ಅರವತ್ತು ಸಾವಿರ, ಅದಕ್ಕೂ ಮೇಲೆ. 80 ಗಂಟೆ ನಡೆಯುತ್ತವೆ, ಅದು ದೊಡ್ಡ ಅನುಕೂಲ. ಕೆಲಸ ನಾಜೂಕು. ಆದರೆ ಪವರ್‌ಮ್ಯಾಟಿಕ್ ಮಷೀನಿನ ವೇಗವನ್ನು ಕಾರ್ಖಾನೆಯಲ್ಲೇ ಲೇಸರ್‌ನಿಂದ ಹೊಂದಿಸಿರುತ್ತಾರೆ. ಮಾಮೂಲಿ ವಾಚಿನಂತೆ ಸಣ್ಣ ಕಡ್ಡಿ ಸರಿಸಿ ಸರಿಮಾಡುವ ಹಾಗಿಲ್ಲ. ಕಂಪನಿಗೇ ಹೋಗಬೇಕು, ಸರ್ವಿಸ್ ಖರ್ಚು ಸಾವಿರಗಳ ಲೆಕ್ಕ. ಸಾಲ ಮಾಡಿ ಕೊಳ್ಳುವಂಥದ್ದಲ್ಲ.

ನಮ್ಮ ದೇಶದ ಸಣ್ಣ ಕಂಪನಿಗಳು ಬೇರೆಯವರ ಮಷೀನು ತಂದು ತಮ್ಮ ಡಯಲ್, ಕೇಸ್ ಹಾಕುತ್ತವೆ. ಅದರಲ್ಲಿ ತಪ್ಪಿಲ್ಲ. ಯಾವ ಮಷೀನು ಅಂತ ಕೇಳಿ. ಎನ್‌ಎಚ್35 ಅಥವಾ ಸಿಟಿಜನ್‌ದೇ ಆದ ಮಿಯೋಟಾ ಅಂದರೆ ನಿಶ್ಚಿಂತೆ. ‘ಇಂಪೋರ್ಟೆಡ್ ಮಷೀನು ಸಾರ್’ ಅಂತ ಮಾತ್ರ ಹೇಳಿದರೆ ಮುಂದೆ ನಡೆಯಿರಿ. ಎರಡು ಸಾವಿರಕ್ಕೆ ಸಿಗುವ ಹೆಸರಿಲ್ಲದ ಆಟೋಮ್ಯಾಟಿಕ್‌ಗಳದ್ದಂತೂ ಮಾತೇ ಬೇಡ. ನಿಂತರೆ ತೆರೆಯುವವರೂ ಇಲ್ಲ.

ಬೆವರು, ನೀರು, ಅಯಸ್ಕಾಂತ

ಹಿಂಬದಿಯಲ್ಲಿ ಬರೆದಿರುವ ಮೀಟರು ಆಳದ ಲೆಕ್ಕ ಅಲ್ಲ, ಒತ್ತಡದ ಪರೀಕ್ಷೆಯ ಲೆಕ್ಕ. 30 ಮೀಟರ್ ಅಂದರೆ ಕೈ ತೊಳೆಯುವಾಗ ಹನಿ ಬಿದ್ದರೆ ಪರವಾಗಿಲ್ಲ ಅಂತ ಅಷ್ಟೇ. ಮಳೆಯಲ್ಲಿ ಗಾಡಿ ಓಡಿಸುವವರಿಗೆ ಕನಿಷ್ಠ 50 ಇರಲಿ. ವಿ.ಸಿ. ನಾಲೆಯಲ್ಲೋ ಈಜುಕೊಳದಲ್ಲೋ ಇಳಿಯುವವರಿಗೆ 100. ಅದೂ ಕೀ ಒಳಗೆ ಒತ್ತಿರಬೇಕು. ಬಿಸಿನೀರಿನ ಸ್ನಾನಕ್ಕೆ ಯಾವುದೂ ಬೇಡ. ರಬ್ಬರ್ ಸೀಲುಗಳು ವರ್ಷ ಕಳೆದಂತೆ ಗಡುಸಾಗುತ್ತವೆ. ಮುಚ್ಚಳ ತೆಗೆದಾಗಲೆಲ್ಲ ಹೊಸ ಸೀಲು ಹಾಕಿಸಿ.

ಚರ್ಮದ ಬೆಲ್ಟು ಏಪ್ರಿಲ್-ಮೇ ಬೆವರಿಗೆ ನಾರುತ್ತದೆ. ಬೇಸಿಗೆಗೆ ಚೈನು ಅಥವಾ ನೈಲಾನ್, ಮಿಕ್ಕ ಕಾಲಕ್ಕೆ ಚರ್ಮ. ಇನ್ನೊಂದು, ಚೆನ್ನಾಗಿ ನಡೆಯುತ್ತಿದ್ದ ವಾಚು ಇದ್ದಕ್ಕಿದ್ದಂತೆ ದಿನಕ್ಕೆ ಹಲವು ನಿಮಿಷ ಮುಂದೆ ಓಡಿದರೆ ಕೆಟ್ಟಿಲ್ಲ, ಅಯಸ್ಕಾಂತ ಹಿಡಿದಿರಬಹುದು. ಸ್ಪೀಕರ್, ಇಂಡಕ್ಷನ್ ಒಲೆ, ಬ್ಯಾಗಿನ ಮ್ಯಾಗ್ನೆಟ್ ಬಟನ್, ಇವೆಲ್ಲ ಕಾರಣ. ಅದನ್ನು ಬಿಡಿಸುವ ಸಣ್ಣ ಯಂತ್ರ ರಿಪೇರಿಯವರ ಹತ್ತಿರ ಇರುತ್ತದೆ. ಒಂದು ನಿಮಿಷದ ಕೆಲಸ. ಸರ್ವಿಸ್ ಮಾಡಲೇಬೇಕು ಅಂತ ಹೇಳಿದರೆ ಮೊದಲು ಇದನ್ನು ಕೇಳಿ.

ಯಾರಿಗೆ ಯಾವುದು

ಮೊದಲ ಮೆಕ್ಯಾನಿಕಲ್ ವಾಚು, ದಿನಾ ಕಟ್ಟುವುದು, ಮಳೆ ಬಿಸಿಲು ನೋಡದೆ ಓಡಾಡುವುದು ಅಂದರೆ ಸೀಕೋ 5, ಸಣ್ಣ ಅಳತೆಯದು. ಕಾಸು ಅಷ್ಟಿಲ್ಲದಿದ್ದರೆ ಸಾದಾ ಸಿಟಿಜನ್ ಆಟೋಮ್ಯಾಟಿಕ್. ಆಫೀಸು, ಸಮಾರಂಭಕ್ಕೆ ಬ್ಯಾಂಬಿನೋ. ಅಪ್ಪನಿಗೆ, ಅವರದೇ ಹಳೆಯ ಎಚ್‌ಎಂಟಿ ಸರ್ವಿಸ್ ಮಾಡಿಸಿ ಕೊಡಿ. ಹೊಸದಕ್ಕಿಂತ ಜಾಸ್ತಿ ಖುಷಿಪಡುತ್ತಾರೆ.

ಮದುವೆಗೆ ಅಳಿಯನಿಗೆ ವಾಚು ಕೊಡುವವರು ಬೇರೆ ಲೆಕ್ಕ ಹಾಕಬೇಕು. ಹುಡುಗನ ಮಣಿಕಟ್ಟು ಎಷ್ಟು ದಪ್ಪ ಅಂತ ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕೇ 40 ಮಿಲಿಮೀಟರ್ ದಾಟಬೇಡಿ, ಚೈನಿನದೇ ತಗೊಳ್ಳಿ, ಚೈನ್ ಚಿಕ್ಕದು ಮಾಡಿಸುವುದು ಮದುವೆ ಆದ ಮೇಲೆ. ಇಲ್ಲಿ ಸುಯೋಸಾ ಸರಿಹೋಗುತ್ತದೆ. ಹುಡುಗನಿಗೆ ಮೆಕ್ಯಾನಿಕಲ್ ವಾಚಿನ ಗಂಧಗಾಳಿ ಇಲ್ಲದಿದ್ದರೆ ಟೈಟಾನ್. ಬಿಲ್ಲು, ಸೀಲು ಹಾಕಿದ ವಾರಂಟಿ ಕಾರ್ಡು, ತೆಗೆದ ಚೈನಿನ ತುಂಡುಗಳು, ಮೂರನ್ನೂ ಡಬ್ಬಿಯೊಳಗೇ ಇಟ್ಟು ಕೊಡಿ.

ಅಂಗಡಿಯಲ್ಲಿ ಸುಮ್ಮನೆ ಕೈಗೆ ಹಾಕಿ ನೋಡಿದರೆ ಸಾಲದು. ಮುಳ್ಳು ತಿರುಗಿಸಿ ಹನ್ನೆರಡು ದಾಟಿಸಿ, ತಾರೀಖು ಸರಿಯಾಗಿ ಬದಲಾಗುತ್ತದಾ ನೋಡಿ. ಮನೆಗೆ ತಂದ ಮೇಲೆ ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ನಾಲ್ಕರ ನಡುವೆ ತಾರೀಖನ್ನು ಕೈಯಿಂದ ಬದಲಾಯಿಸಬೇಡಿ. ಆ ಹೊತ್ತಿನಲ್ಲಿ ಹಲ್ಲುಗಳು ಆಗಲೇ ಕೂಡಿಕೊಂಡಿರುತ್ತವೆ, ಮುರಿಯಬಹುದು. ಮೊದಲ ತಿಂಗಳು ದಿನಾ ಒಂದೇ ಹೊತ್ತಿಗೆ ಫೋನಿನ ಜೊತೆ ಹೋಲಿಸಿ ಬರೆದಿಡಿ. ರಾತ್ರಿ ಡಯಲ್ ಮೇಲೆ ಮಾಡಿ ಇಡುವುದಕ್ಕೂ ಕೀ ಕೆಳಗೆ ಮಾಡಿ ನಿಲ್ಲಿಸುವುದಕ್ಕೂ ಕೆಲವು ಸೆಕೆಂಡು ವ್ಯತ್ಯಾಸ ಬರುತ್ತದೆ. ಎಷ್ಟೋ ಸಲ ಅಷ್ಟರಿಂದಲೇ ಸರಿಹೋಗುತ್ತದೆ. ಆದರೂ ಜಾಸ್ತಿ ಓಡಿದರೆ ವಾರಂಟಿ ಮುಗಿಯುವ ಮುಂಚೆ, ಬರೆದಿಟ್ಟ ಚೀಟಿ ಸಮೇತ ಅಂಗಡಿಗೆ ಹೋಗಿ. ಕಂಪನಿಯ ಮಿತಿಯೊಳಗಿದೆ, ಮುಟ್ಟುವುದಿಲ್ಲ ಅಂದರೆ ಕಾರ್ಡಿನ ದಿನ ಮುಗಿಯುವ ತನಕ ಕಾಯಿರಿ. ಅದಕ್ಕೂ ಮೊದಲು ಹೊರಗೆ ಮುಚ್ಚಳ ತೆಗೆಸಿದರೆ ವಾರಂಟಿ ಹೋಗುತ್ತದೆ.